ಸ್ವಂತ ಬಾಯಲ್ಲಿ ಅಳುವ ಹಕ್ಕು

ನಯನುಡಿ ಶಕೆ ತೊಂಬತ್ತನಾಲ್ಕು, ಎರಡನೇ ಚೈತ್ರದ ನಲವತ್ತೊಂದನೇ ದಿನ
ಕರಿಕಲ್ಲು ಹಟ್ಟಿ, ಚಾಮರಾಜನಗರ ಸೀಮೆ

ಹಿಂದಿನ ಕಾಲದ ನನ್ನ ಜನರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದ ಹಾಗೆ ನಮ್ಮ ತಿಂಗಳುಗಳೂ ಉದ್ದವಾಗಿವೆ. ಈ ಕಾಗದ ಹೇಗೆ ತಲುಪಿತೆಂದು ಕೇಳಬೇಡಿ, ತಲುಪಿದ ಮೇಲೆ ಓದಿ. ನನ್ನ ಮಾತು ಎಲ್ಲಾದರೂ ಎಣ್ಣೆ ಹಚ್ಚಿ ಒರೆಸಿದಂತೆ ಕಂಡರೆ ಮನ್ನಿಸಿ. ಈ ನುಣುಪು ನನ್ನದಲ್ಲ, ನನ್ನ ಗಂಟಲಿಗೆ ಕಟ್ಟಿದ್ದು.

ನಯಪಟ್ಟಿ ಅನ್ನುತ್ತೇವೆ ಅದಕ್ಕೆ. ಎರಡು ಬೆರಳಗಲದ ಬೂದು ಪಟ್ಟಿ, ಶಾಲೆಗೆ ಸೇರಿದ ದಿನವೇ ಕಟ್ಟುತ್ತಾರೆ. ನಾವು ಏನೇ ಆಡಲಿ, ನಮ್ಮ ದನಿಯನ್ನು ಗಂಟಲಲ್ಲೇ ಹಿಡಿದು, ತಿದ್ದಿ, ಶುದ್ಧ ಮಾಡಿ ಹೊರಗೆ ಬಿಡುತ್ತದೆ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಕಚೇರಿಯಲ್ಲಿ ಎಲ್ಲರದೂ ಒಂದೇ ಕನ್ನಡ. ನಲ್ಲಿಯ ಮುಂದೆ ಕೊಡ ಎತ್ತಿ ಹೊಡೆಯಲು ಹೋದವಳ ಬಾಯಿಂದಲೂ ‘ತಮ್ಮ ನಡವಳಿಕೆ ನನಗೆ ಬೇಸರ ತಂದಿದೆ’ ಎಂದೇ ಬರುತ್ತದೆ. ಬೈಸಿಕೊಂಡವಳಿಗೆ ಸಿಟ್ಟೂ ಬರುವುದಿಲ್ಲ, ನಗುವೂ ಬರುವುದಿಲ್ಲ. ಮನೆಯೊಳಗೆ ಬಿಚ್ಚಬಹುದು, ಕಾನೂನು ಅಡ್ಡ ಬರುವುದಿಲ್ಲ. ಬಿಚ್ಚುವವರು ಕಡಿಮೆ. ಬಿಚ್ಚಿದರೆ ಗಂಟಲು ಬರಿದೆನಿಸಿ ನಾಚಿಕೆಯಾಗುತ್ತದೆ.

ಇದನ್ನು ಯಾರೋ ದಬ್ಬಾಳಿಕೆಯಿಂದ ಕಟ್ಟಿದರು ಎಂದುಕೊಂಡಿರಾ? ನಾವೇ ಕೇಳಿ ಕಟ್ಟಿಸಿಕೊಂಡೆವು. ಹಾಲಿಗೆ ‘ಆಲು’ ಅಂದವಳನ್ನು, ಶಂಕರನನ್ನು ‘ಸಂಕರ’ ಅಂದವನನ್ನು ನೀವು ನೋಡಿ ನಗುತ್ತಿದ್ದಿರಿ. ‘ಹೌದ್ರೀ’ ಅಂದ ಹುಬ್ಬಳ್ಳಿಯವನನ್ನು, ‘ಎಂತ ಮಾರಾಯ್ರೇ’ ಅಂದ ಮಂಗಳೂರಿನವಳನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಲು ಹಾಸ್ಯಸಂಜೆಗಳನ್ನೇ ಏರ್ಪಡಿಸುತ್ತಿದ್ದಿರಿ. ಆದರೆ ಅವರು ಊರಿಗೆ ಹೋದರೆ ಅವರ ಮಾತಿಗೆ ಮರ್ಯಾದೆಯಿತ್ತು. ನಮ್ಮ ಹಟ್ಟಿಯ ಮಾತಿಗೆ ಊರಲ್ಲೂ ಮರ್ಯಾದೆಯಿರಲಿಲ್ಲ. ಬಾಯಿ ಬಿಟ್ಟರೆ ಜಾತಿ ಗೊತ್ತಾಗುತ್ತಿತ್ತು, ಜಾತಿ ಗೊತ್ತಾದರೆ ಬಾಡಿಗೆ ಮನೆ ಖಾಲಿ ಇರುತ್ತಿರಲಿಲ್ಲ. ನಗೆಪಾಟಲಾಗಿ ಸಾಕಾದ ನಮ್ಮ ಹಿರಿಯರು ‘ಎಲ್ಲರಿಗೂ ಒಂದೇ ಬಾಯಿ’ ಎಂದು ಘೋಷಣೆ ಕೂಗಿ ಧರಣಿ ಕೂತರು. ನಮ್ಮದೇ ಸಂಘಟನೆ, ನಮ್ಮದೇ ತಮಟೆ. ಸರ್ಕಾರ ಸಂತೋಷದಿಂದ ಒಪ್ಪಿತು. ಪಟ್ಟಿಯೊಳಗಿನ ಯಂತ್ರಕ್ಕೆ ತಪ್ಪು ಯಾವುದು, ಸರಿ ಯಾವುದು ಎಂದು ಕಲಿಸಲು ನಿಮ್ಮ ಹಾಸ್ಯಸಂಜೆಗಳನ್ನೇ ಕೇಳಿಸಿದರು. ಸಭೆ ಎಲ್ಲಿ ನಕ್ಕಿತೋ ಅಲ್ಲಿ ತಪ್ಪು ಎಂದು ಯಂತ್ರ ಗುರುತು ಹಾಕಿಕೊಂಡಿತು.

ಹೋದ ತಿಂಗಳು ನನ್ನ ಚಿಕ್ಕವ್ವ ಹೊನ್ನಾಜಮ್ಮ ತೀರಿಕೊಂಡಳು. ನಮ್ಮಲ್ಲಿ ಹೆಣದ ಸುತ್ತ ಹೆಂಗಸರು ಕೂತು, ಸತ್ತವರನ್ನು ಕರೆದು, ಅವರೊಡನೆ ಬಾಳಿದ್ದನ್ನೆಲ್ಲ ಹೇಳಿಕೊಂಡು ಅಳಬೇಕು. ಅತ್ತು ಕಳಿಸದಿದ್ದರೆ ಜೀವ ಹಟ್ಟಿ ಬಿಟ್ಟು ಹೋಗುವುದಿಲ್ಲ ಎಂಬುದು ಅವ್ವಂದಿರ ನಂಬಿಕೆ. ಮಣ್ಣಿಗಿಡುವ ಮುಂಚಿನ ಕೊನೆಯ ಅಳು ಮಸಣದಲ್ಲೇ ಆಗಬೇಕು. ಆ ಮಸಣ ಸುಮ್ಮನೆ ಸಿಕ್ಕಿದ್ದಲ್ಲ. ಹೆಣವನ್ನು ತಾಲೂಕು ಕಚೇರಿಯ ಮುಂದೆ ಇಳಿಸಿ, ಲಾಠಿ ಏಟು ತಿಂದು ನಮ್ಮ ತಾತಂದಿರು ಪಡೆದ ಭೂಮಿ. ಈಗ ಅದು ಸಾರ್ವಜನಿಕ ಸ್ಥಳ. ಅಲ್ಲಿ ಪಟ್ಟಿ ಬಿಚ್ಚಿದರೆ ಇಡೀ ಹಟ್ಟಿಯ ಹಕ್ಕು ರದ್ದು.

ಮಸಣದ ಗೇಟಿನ ಮುಂದೆ ಚಟ್ಟ ಇಳಿಸಿದೆವು. ನನ್ನವ್ವ ಸಿದ್ದಾಜಮ್ಮ ತಂಗಿಯ ಕಾಲು ಹಿಡಿದು ಬಾಯಿ ತೆರೆದಳು. ‘ಗೌರವಾನ್ವಿತ ಸಹೋದರಿಯವರ ಅಗಲಿಕೆಗೆ ವಿಷಾದಿಸುತ್ತೇನೆ’ ಎಂದು ಬಂತು. ಇನ್ನೊಮ್ಮೆ ತೆರೆದಳು. ಮತ್ತೂ ಅದೇ. ಪಟ್ಟಿಯನ್ನು ಕಿತ್ತು ಮಡಿಲಿಗೆ ಹಾಕಿಕೊಂಡಳು. ಗೇಟು ತಾನೇ ಮುಚ್ಚಿಕೊಂಡಿತು. ಕಾವಲಿನ ಶಿವನಂಜ ಓಡಿ ಬಂದು, ನಿಯಮ ಪಾಲಿಸುವಂತೆ ಪಟ್ಟಿಯ ದನಿಯಲ್ಲಿ ವಿನಂತಿಸಿದ. ಅವ್ವ ಕದಲಲಿಲ್ಲ. ಅವನು ಅತ್ತಿತ್ತ ನೋಡಿ, ತನ್ನ ಪಟ್ಟಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಮೆಲ್ಲಗೆ ಹೇಳಿದ: “ಆಕ್ಕೊಳವ್ವ, ಗೇಟ್ ತಗಸ್ತೀನಿ. ನಂದೂ ಒಟ್ಟೆಪಾಡು ಕನವ್ವ.”

ಅವನದೂ ನಮ್ಮದೇ ಮಾತು. ಇಷ್ಟು ವರ್ಷ ದಿನಾ ನಮಸ್ಕಾರ ಮಾಡಿಕೊಂಡಿದ್ದರೂ ನನಗೆ ಗೊತ್ತಿರಲಿಲ್ಲ.

ಅವ್ವ ತಲೆಯೆತ್ತಿ ಅವನನ್ನು ನೋಡಿದಳು. “ಈ ಬಾಯ್ಲಿ ಅತ್ರೆ ಯಾರೋ ಆಪೀಸ್ನೋರು ಅತ್ರು ಅನ್ಕತಳ ಕನಪ್ಪ ನನ್ ತಂಗಿ.”

ಆಮೇಲೆ ಅತ್ತಳು. “ಬೆಲ್ಲ ನೀ ಕದ್ದೆ, ಏಟ ನಾ ತಿಂದೆ, ಈಗ ಒಬ್ಳೇ ಒಂಟೋದ್ಯಾ ನನ್ನವ್ವಾ” ಎಂದು ಎದೆ ಬಡಿದುಕೊಂಡು ಅತ್ತಳು. ಬಿಸಿಲು ಇಳಿದರೂ ಗೇಟು ತೆರೆಯಲಿಲ್ಲ. ಚಿಕ್ಕವ್ವನನ್ನು ಹಟ್ಟಿಯ ಹಿಂದಿನ ಕಲ್ಲುಬೀಳಿನಲ್ಲಿ ಹೂತೆವು. ತಾತಂದಿರ ಭೂಮಿ ಕಳೆದಳೆಂದು ಹಟ್ಟಿಯ ಗಂಡಸರು ಮನೆಗೆ ಬಂದು ಅವ್ವನ ಮೇಲೆ ಕೂಗಾಡಿದರು, ಅದೂ ಅತ್ಯಂತ ವಿನಯದ ಮಾತುಗಳಲ್ಲಿ. ಅವರ ಸಿಟ್ಟಿಗೂ ನ್ಯಾಯವಿದೆ. ಅದನ್ನು ನಾನು ಅಲ್ಲಗಳೆಯಲಾರೆ.

ಆ ದಿನ ನಾನೂ ಪಟ್ಟಿ ಬಿಚ್ಚಿದ್ದೆ. ಅವ್ವನ ಪಕ್ಕ ಕೂತು ಬಾಯಿ ತೆರೆದೆ. ಊಳಿಡುವುದೊಂದು ಬಿಟ್ಟು ಏನೂ ಬರಲಿಲ್ಲ. ನನ್ನೊಳಗೆ ಚಿಕ್ಕವ್ವನನ್ನು ಕರೆಯುವ ಮಾತೇ ಇರಲಿಲ್ಲ. ಈಗ ಬೆಳಿಗ್ಗೆ ಒಲೆಯ ಮುಂದೆ ಅವ್ವ ನನಗೆ ಕಲಿಸುತ್ತಾಳೆ. ನಾನು ಹಕಾರ ಒತ್ತಿ ‘ಹೋದೆಯಾ’ ಅಂದರೆ ನಗುತ್ತಾಳೆ. “ಅಷ್ಟೊಂದ್ ಗಾಳಿ ಬುಡಬ್ಯಾಡ ಕನ ಮಗಾ, ಸತ್ತೋಳು ಆರೋಗ್ತಾಳೆ” ಅನ್ನುತ್ತಾಳೆ. ಹೀಗೂ ನಗಬಹುದೆಂದು ನನಗೆ ತಿಳಿದಿರಲಿಲ್ಲ.

ನಿಮ್ಮ ನಗು ಇಂಥದಾಗಿರಲಿಲ್ಲ. ನಿಮ್ಮ ಹಾಸ್ಯಸಂಜೆಯ ಹಿಂದಿನ ಸಾಲಿನಲ್ಲಿ ನಮ್ಮ ಕೇರಿಯ ಒಂದು ಮಗು ಕೂತಿರುತ್ತದೆ. ತನ್ನ ಅವ್ವನ ಮಾತಿಗೆ ಜನ ನಗುವುದನ್ನು ಕೇಳಿ, ಗುರುತು ಸಿಗದಿರಲೆಂದು ತಾನೂ ನಗುತ್ತದೆ. ಮುಂದೆ ಧರಣಿ ಕೂರುವುದು ಆ ಮಗುವೇ. ಅದರ ಮುಖ ನೋಡಿಯಾದರೂ ಬಾಯಿ ಮುಚ್ಚಿ. ನಾನು ಬೇಡುತ್ತಿಲ್ಲ, ಹೇಳುತ್ತಿದ್ದೇನೆ.

ಅವ್ವನಿಗೆ ಈಚೆಗೆ ಉಸಿರು ಹಿಡಿಯುತ್ತಿದೆ. ಅವಳಿಗಾಗಿ ಅಳಬೇಕಾದವಳು ನಾನೊಬ್ಬಳೇ, ನನಗೆ ಇನ್ನೂ ಅರ್ಧವೂ ಬಂದಿಲ್ಲ.

ಸಿದ್ದಾಜಮ್ಮನ ಮಗಳು
ಪುಟ್ಟಮಣಿ