ಸೋನಾರವಾಡಿ ಬಸ್ಸು ಇನ್ನೂ ಹೊರಟಿಲ್ಲ

ನನ್ನ ಹೊಟ್ಟೆಯೊಳಗಿನ ಬಂಗಾರವೇ,

ನಿನಗೆ ಕಿವಿ ಮೂಡಿವೆಯೋ ಇಲ್ಲವೋ ಗೊತ್ತಿಲ್ಲ. ಮೂಡಿದ್ದರೆ ಬೆಳಗಿನಿಂದ ನನ್ನ ಕೂಗು ಕೇಳಿ ಬೇಸತ್ತಿರುತ್ತೀ. ಬಸ್‌ಸ್ಟ್ಯಾಂಡಿನ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಬಸ್ಸು ಕರೆಯುವುದು ಈಗ ನನ್ನ ಕೆಲಸ. ಬೀಡ್ ಬಸ್ಸು, ಪರಭಣಿ ಬಸ್ಸು, ಲಾತೂರ್ ಬಸ್ಸು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಈ ಕಾಗದ. ಮಾತಾಡಲು ಬೇರೆ ಯಾರೂ ಇಲ್ಲ ಮಗಾ, ಅದಕ್ಕೇ ನಿನ್ನ ಬೆನ್ನು ಬಿದ್ದಿದ್ದೇನೆ.

ಹೋದ ವಾರದವರೆಗೆ ನಾನು ಸೋನಾರವಾಡಿ ಬಸ್ಸಿನ ಕಂಡಕ್ಟರ್. ಅದನ್ನು ರಸ್ತೆ ಎಂದು ಕರೆದವನ ಬಾಯಿಗೆ ಮಣ್ಣು ಹಾಕಬೇಕು. ಕೂತವರೇ ಛಾವಣಿಗೆ ತಲೆ ಬಡಿಸಿಕೊಳ್ಳುತ್ತಾರೆ, ಇನ್ನು ನಿಂತು ಟಿಕೆಟ್ ಕೊಡುವವಳ ಪಾಡು ಕೇಳಬೇಡ. ನಿನಗಿಂತ ಮೊದಲು ಈ ಹೊಟ್ಟೆಗೆ ಬಂದವಳು ಹೋದದ್ದು ಅದೇ ರಸ್ತೆಯಲ್ಲಿ. ಹೆಣ್ಣು ಎಂದು ಯಾರೂ ಹೇಳಲಿಲ್ಲ, ನಾನೇ ಹಾಗೆ ಅಂದುಕೊಂಡಿದ್ದೆ.

ಅವಳು ಬಂದದ್ದನ್ನು ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ. ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆ ಭಾಮಾಬಾಯಿ, ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು: "ಮೂರು ತಿಂಗಳು ತುಂಬೂತನಕ ಬಾಯಿ ಹೊಲಕೊಂಡಿರು. ಗಾಳಿಗೂ ಗೊತ್ತಾಗಬಾರದು." ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ, ಕಣ್ಣು ಬೀಳುತ್ತದೆ ಎಂಬ ಭಯ. ನಾನೂ ನಂಬಿದ್ದೆ. ಹೇಳದೆ ಇದ್ದವಳಿಗೆ ಹಗುರ ಕೆಲಸ ಯಾರು ಕೊಡುತ್ತಾರೆ? ಒಂದು ದಿನ ಹಳ್ಳ ದಾಟುವಾಗ ಬಸ್ಸು ಎತ್ತಿ ಹಾಕಿತು. ಕಂಬಿ ಹಿಡಿದು ಅಲ್ಲೇ ಕುಸಿದೆ. ಡ್ರೈವರ್ ದಗಡೂ ಮಾಮಾ ಗಾಬರಿಯಾಗಿ, "ಏನಾತವಾ ಮಂದಾ?" ಎಂದ. "ಹೊಟ್ಟಿನೋವು ಮಾಮಾ" ಎಂದೆ.

ರಜೆ ಅರ್ಜಿಯಲ್ಲೂ ಅದನ್ನೇ ಬರೆದೆ. ಎರಡು ದಿನ ರಜೆ, ಕಾರಣ ಹೊಟ್ಟೆನೋವು. ಮೂರನೆಯ ದಿನ ಹೊಟ್ಟೆಗೆ ಬಟ್ಟೆ ಬಿಗಿದು ಮತ್ತೆ ಸೋನಾರವಾಡಿಗೆ ಹೋದೆ. ನಿನ್ನ ಅಪ್ಪ ಸೂರತ್ತಿನ ಮಗ್ಗದ ಕೆಲಸ ಬಿಟ್ಟು ಬರಲಾಗಲಿಲ್ಲ. ಯಾರೂ ಅಳಲಿಲ್ಲ. ಬಂದದ್ದೇ ಊರಿಗೆ ಗೊತ್ತಿಲ್ಲದವಳು ಹೋದಳೆಂದು ಯಾರು ಅಳುತ್ತಾರೆ ಹೇಳು.

ನೀನು ಬಂದದ್ದು ಖಾತ್ರಿಯಾದ ದಿನ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಕೇಳಿದಳು: "ಹಿಂದಿನದು ಹೋದಾಗ ಆರು ವಾರ ರಜಾ ತಗೊಂಡಿದ್ದಿಯಲ್ಲ?" "ಯಾವ ರಜಾ?" ಎಂದೆ. ಗರ್ಭ ಹೋದವಳಿಗೆ ಕಾನೂನಿನಲ್ಲಿ ಆರು ವಾರ ಸಂಬಳದ ರಜೆ ಇದೆಯಂತೆ, ಆಸ್ಪತ್ರೆಯ ಪುರಾವೆ ಕೊಟ್ಟರೆ ಸಾಕಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ ಮಗಾ. ರಜೆ ತಪ್ಪಿತೆಂದಲ್ಲ. ಸರ್ಕಾರ ಕೂಡ ಅವಳನ್ನು ಲೆಕ್ಕಕ್ಕೆ ಹಿಡಿಯಲು ತಯಾರಿತ್ತು, ಹೊತ್ತ ಹೊಟ್ಟೆಯವಳು ನಾನು ಅವಳನ್ನು ಹೊಟ್ಟೆನೋವು ಎಂದು ಕರೆದುಬಿಟ್ಟೆ.

ಮರುದಿನ ಡಾಕ್ಟರ ಚೀಟಿ ಹಿಡಿದು ಡಿಪೊ ಮ್ಯಾನೇಜರ್ ಗಾಡೇಕರ್ ಸಾಹೇಬರ ಮುಂದೆ ನಿಂತೆ. ಬಾಗಿಲು ತೆರೆದಿತ್ತು, ಹೊರಗೆ ಡ್ರೈವರುಗಳ ಹಿಂಡು. "ಎಷ್ಟನೇ ತಿಂಗಳು?" ಎಂದರು. ಎರಡು ಎಂದೆ. "ಎರಡಕ್ಕ ಏನಾಗ್ತದ? ನಮ್ಮವ್ವ ಕಳೆ ಕೀಳಕೋತ ಹೊಲದಾಗ ನನ್ನ ಹಡದಾಳ." "ಅದಕ್ಕ ಸಾಹೇಬ್ರ, ಯಾರನ್ನೂ ಕುಂದ್ರಾಕ ಬಿಡೂದಿಲ್ಲ ನೀವು" ಎಂದುಬಿಟ್ಟೆ. ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಕೆಂಪಾಯಿತು. "ಹೆಂಗಸರ ಕೈಯಾಗ ಟಿಕೆಟ್ ಮಷೀನ್ ಕೊಟ್ಟದ್ದ ತಪ್ಪು" ಎಂದರು. ನಾನು ಗೋಡೆಯ ಕಡೆ ಬೆರಳು ಮಾಡಿ ಹೇಳಿದೆ: ಚೀಟಿ ತಂದವಳಿಗೆ ಕೂತು ಮಾಡುವ ಕೆಲಸ ಕೊಡಬೇಕೆಂದು ನಿಮ್ಮದೇ ಸುತ್ತೋಲೆ ಗೋಡೆಯ ಮೇಲಿದೆ, ಹಿಂದಿನದು ನಿಮ್ಮ ಬಸ್ಸಿನಲ್ಲೇ ಹೋಯಿತು, ಇದನ್ನು ನಾನು ಕೊಡುವುದಿಲ್ಲ. ಅವರು ಚೀಟಿ ಎಳೆದುಕೊಂಡು ಸಹಿ ಹಾಕಿದರು.

ಗೆದ್ದೆ ಅಂದುಕೊಂಡೆ. ಸಂಜೆಗೆ ಸುದ್ದಿ ಮನೆ ಮುಟ್ಟಿತ್ತು. ನಿನ್ನ ಅಜ್ಜಿ, "ಊರಿಗೆಲ್ಲಾ ಡಂಗುರಾ ಸಾರಿ ಬಂದಿಯಲ್ಲ, ಇನ್ನ ನೀನುಂಟು ನಿನ್ನ ಕೂಸುಂಟು" ಎಂದಳು. ಅಂದಿನಿಂದ ಮಾತಿಲ್ಲ, ಜೋಳದ ಭಾಕರಿಯನ್ನು ತಟ್ಟೆಗೆ ಎಸೆದು ಹೋಗುತ್ತಾಳೆ. ನಿನ್ನ ಅಪ್ಪ ಫೋನಿನಲ್ಲಿ, ತನ್ನ ಅವ್ವನ ಮಾತು ನಾನು ಮೀರಬಾರದಿತ್ತು ಅಂದ. ಅದೂ ಹೋಗಲಿ. ನನ್ನ ಪಾಲಿನ ಸೋನಾರವಾಡಿ ಬೇರೆಯವರ ತಲೆಗೆ ಬಿತ್ತಲ್ಲ, ಜೊತೆಯ ಹೆಂಗಸರೂ ದೂರವಾದರು. "ರಾಣಿಸಾಹೇಬ್ರು ಕುರ್ಚಿ ಮ್ಯಾಲ ಕುಂತಾರ, ನಾವು ಕುಣೀಬೇಕು" ಎಂದು ನನಗೆ ಕೇಳುವ ಹಾಗೆ ಆಡಿಕೊಳ್ಳುತ್ತಾರೆ. ಮಧ್ಯಾಹ್ನ ಒಬ್ಬಳೇ ಉಣ್ಣುತ್ತೇನೆ. ಇಡೀ ಊರಿಗೆ ಕೇಳುವ ಮೈಕು ಕೈಯಲ್ಲಿದೆ, ನನ್ನ ಜೊತೆ ಒಂದು ಮಾತಾಡುವವರಿಲ್ಲ.

ಈಗ ನಡೆದದ್ದನ್ನು ಕೇಳು. ನನ್ನ ಜಾಗಕ್ಕೆ ಹಾಕಿರುವುದು ಉಜ್ವಲಾ ಎಂಬ ಹುಡುಗಿಯನ್ನು, ಹೋದ ವರ್ಷ ಮದುವೆಯಾದವಳು. ಸ್ವಲ್ಪ ಹೊತ್ತಿನ ಹಿಂದೆ ನೀರು ಕೇಳಲು ಕಿಟಕಿಗೆ ಬಂದಳು. ನನ್ನ ಊಟದ ಡಬ್ಬಿಯ ಕುಟ್ಟಿದ ಹಸಿಮೆಣಸಿನಕಾಯಿ ಠೇಚಾದ ವಾಸನೆ ಮೂಗಿಗೆ ಬಡಿದದ್ದೇ ಸೆರಗು ಬಾಯಿಗೆ ಒತ್ತಿಕೊಂಡು ಓಡಿದಳು. ತಿರುಗಿ ಬಂದಾಗ ಅವಳ ಮುಖ ನೋಡಿದೆ, ಅವಳು ನನ್ನದು ನೋಡಿದಳು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಯಾರ ಮುಂದೂ ಹೇಳಬ್ಯಾಡ. ಇನ್ನ ಮೂರು ತುಂಬಿಲ್ಲ."

ನಿನ್ನನ್ನು ಉಳಿಸಿಕೊಳ್ಳಲು ನಾನು ಇಳಿದ ಬಸ್ಸಿಗೆ ಇನ್ನೊಂದು ನಿನ್ನಂಥದೇ ಹತ್ತಿದೆ.

"ನಾನು ಹೇಳೂದಿಲ್ಲ. ನೀನ ಹೇಳು. ಸಾಹೇಬ್ರು ಒಳಗದಾರ" ಎಂದೆ. "ಅತ್ತಿ ಮನಿಯಾಗ ಇಟ್ಟಕೊಳ್ಳೂದಿಲ್ಲ ಅಕ್ಕಾ. ಹುಡುಗ್ಯಾರೆಲ್ಲಾ ನಿನ್ನ ಆಡಿಕೊಂಡಂಗ ನನ್ನೂ ಆಡಿಕೋತಾರ." ಹೌದು, ಆಡಿಕೊಳ್ಳುತ್ತಾರೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನ್ನ ಬಾಜೂಕ ಕುಂತು ಉಣ್ಣುವಂತಿ ಬಾ" ಎಂದಷ್ಟೇ ಹೇಳಿದೆ.

ಅವಳೀಗ ಸಾಹೇಬರ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಾಳೆ, ಟಿಕೆಟ್ ಮಷೀನನ್ನು ಹೊಟ್ಟೆಗೆ ಒತ್ತಿ ಹಿಡಿದು. ಏಳುವುದೂ ಇಲ್ಲ, ಬಸ್ಸಿನ ಕಡೆ ಹೋಗುವುದೂ ಇಲ್ಲ. ಬಸ್ಸು ತುಂಬಿದೆ. ದಗಡೂ ಮಾಮಾ ಹಾರ್ನ್ ಒತ್ತಿ ಒತ್ತಿ, "ಮಂದಾ, ನಿದ್ದಿ ಹತ್ತೈತೇನು? ಮೈಕಿನಾಗ ಗಾಡಿ ಕರಿ!" ಎಂದು ಕಿರುಚುತ್ತಿದ್ದಾನೆ. ಮೈಕಿನ ಗುಂಡಿಯ ಮೇಲಿಂದ ಕೈ ತೆಗೆದಿದ್ದೇನೆ. ನಾನು ಕರೆಯದೆ ಬಸ್ಸು ಹೊರಡುವ ಹಾಗಿಲ್ಲ, ಅವಳು ಸಾಹೇಬರ ಹತ್ತಿರ ಒಳಗೆ ಹೋಗುವವರೆಗೆ ನಾನು ಆ ಬಸ್ಸು ಕರೆಯುವುದಿಲ್ಲ. ಬೈಯಲಿ, ನೋಟೀಸು ಕೊಡಲಿ.

ನೀನು ಗಟ್ಟಿಯಾಗಿ ಹಿಡಿದುಕೊಂಡಿರು ಕಂದಾ, ಕೈ ಮೂಡಿರದಿದ್ದರೂ ಹಿಡಿದುಕೊಂಡಿರು. ತುಳಜಾಪುರದ ತಾಯಿ ನಿನ್ನನ್ನೂ, ಆ ಬೆಂಚಿನ ಮೇಲಿನದನ್ನೂ ಕಾಯಲಿ. ನೀನು ಇದ್ದೀ ಎಂದು ಊರಿಗೆಲ್ಲ ಹೇಳಿದ್ದೇನೆ. ಇನ್ನು ಇರುವುದು ನಿನ್ನ ಕೆಲಸ.

ದಾರಿ ಕಾಯುತ್ತಿರುವ ನಿನ್ನ ಅವ್ವ,
ಮಂದಾಕಿನಿ