ಕ್ಯಾರಲ್ಟನ್ನಿನಲ್ಲಿ ಚಿಗುರಿದ ನನ್ನ ಕರಿಬೇವು

ಮಾನ್ಯ ಪೊಲೀಸ್ ಮುಖ್ಯಾಧಿಕಾರಿಗಳೇ,

ಗಾಂಜಾ ಎಂದು ನಿಮ್ಮವರು ಹೊತ್ತೊಯ್ದ ನನ್ನ ಕರಿಬೇವಿನ ಗಿಡವನ್ನು ನನಗೆ ಹಿಂತಿರುಗಿಸಬೇಕು. ಹೊತ್ತೊಯ್ದದ್ದಕ್ಕೆ ನನಗೆ ಕೋಪವಿಲ್ಲ. ತಪ್ಪು ತಿಳಿವಳಿಕೆ ಯಾರಿಗಾದರೂ ಆಗುತ್ತದೆ. ಆದರೆ ಡಲ್ಲಾಸ್ ಸುತ್ತಮುತ್ತ ಇಷ್ಟೊಂದು ಮನೆಗಳಿರುವಾಗ, ಆರೈಕೆಗೆಂದು ಅದನ್ನು ಕ್ಯಾರಲ್ಟನ್ನಿನ ಜಯದೇವಿಯವರಿಗೇ ಕೊಡಬೇಕಿತ್ತೇ? ನಿಮಗೆ ಕನ್ನಡ ಬಾರದೆಂದು ಬಲ್ಲೆ. ಆದರೂ ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಯಲ್ಲೇ ಬರೆಯುತ್ತಿದ್ದೇನೆ. ಓದಬೇಕಾದವರು ಓದುತ್ತಾರೆ.

ಜಯದೇವಿಯವರು ಧಾರವಾಡದ ಕಡೆಯವರು. ಅವರ ಮನೆಯ ಕಿಟಕಿಯ ಬಳಿ ಆಳೆತ್ತರದ ಕರಿಬೇವಿದೆ. ಅರಿಶಿನ ಕುಂಕುಮಕ್ಕೆ ಹೋದ ಪ್ರತಿ ಹೆಂಗಸಿಗೂ ವೀಳ್ಯದೆಲೆಯ ಜೊತೆ ಒಂದು ಎಸಳು ಕರಿಬೇವು ಕೊಡುತ್ತಾರೆ. ಅಷ್ಟಕ್ಕೇ ಇಡೀ ಸಂಘ ಅವರ ಸೆರಗು ಹಿಡಿದು ತಿರುಗುತ್ತದೆ. ಚಕ್ಕುಲಿ ಮಾಡಿಟ್ಟು ಕರೆದರೂ ನನ್ನ ಮನೆಗೆ ಬರಲು ಯಾರಿಗೂ ಪುರುಸೊತ್ತಿಲ್ಲ. ಇದು ಹೊಟ್ಟೆಕಿಚ್ಚೇ? ಹೌದು, ಹೊಟ್ಟೆಕಿಚ್ಚೇ. ಟೆಕ್ಸಾಸಿನಲ್ಲಿ ಅದಕ್ಕೊಂದು ಕಾನೂನಿದ್ದರೆ ಹೇಳಿ.

ನಾನು ನೆಟ್ಟ ಕರಿಬೇವೆಲ್ಲ ಚಳಿಗಾಲದಲ್ಲಿ ಸಾಯುತ್ತಿತ್ತು. ಈ ಸಲ ಛಲ ಹಿಡಿದು, ಮನೆಯೊಳಗೆ ಗಿಡ ಬೆಳೆಸುವ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯ ಜುಟ್ಟಿನವನು ಏನು ಬೆಳೆಯುತ್ತೀರಿ ಎಂದು ಕೇಳಿದ. ಅಡುಗೆಗೆ ಹಾಕುವ ಸೊಪ್ಪು ಎಂದೆ. "ಇಲ್ಲಿಗೆ ಬರೋರೆಲ್ಲ ಟೊಮ್ಯಾಟೊ ಬೆಳೆಯೋರೇ, ಮೇಡಂ" ಎಂದು ಕಣ್ಣು ಹೊಡೆದ. ಪಾಠವನ್ನೇನೋ ಚೆನ್ನಾಗಿ ಹೇಳಿಕೊಟ್ಟ. ಕುಂಡ ಎತ್ತಿ ನೋಡಿ, ಹಗುರವಾಗಿದ್ದರೆ ಮಾತ್ರ ನೀರು ಹಾಕಬೇಕಂತೆ. ಗೊಬ್ಬರದ ನೀರು ತೆಳುವಾಗಿರಬೇಕಂತೆ, ನಡುನಡುವೆ ಬರೀ ನೀರು ಹಾಯಿಸಿ ಬೇರಿನ ಉಪ್ಪು ತೊಳೆಯಬೇಕಂತೆ. ಯಾವ ಗಿಡದಿಂದ ಕಲಿತ ವಿದ್ಯೆ ಎಂದು ನಾನು ಕೇಳಲಿಲ್ಲ. ಕ್ಲಾಸೆಟ್ಟಿನಿಂದ ಸೀರೆಗಳನ್ನು ತೆಗೆದು ದೀಪ ಹಾಕಿದೆ, ಫ್ಯಾನು ಇಟ್ಟೆ. ನಮ್ಮ ಪದ್ಧತಿಯಂತೆ ಹುಳಿ ಮಜ್ಜಿಗೆಯನ್ನೂ ಎರೆದೆ. ಬೀದಿಯವರೆಗೂ ಬರುತ್ತದೆ ಎಂದು ನಿಮ್ಮವರು ಹೇಳಿದ ವಾಸನೆ ಅದರದು. ಕುಂಡ ಹಗುರವಾಗಲು ಬಿಡುವ ತಾಳ್ಮೆ ಮಾತ್ರ ನನಗಿರಲಿಲ್ಲ. ಜಯದೇವಿಯವರ ಗಿಡದೆತ್ತರ ಕಣ್ಣೆದುರಿಗಿತ್ತು.

ಅಂತೂ ಗಿಡ ನಾಲ್ಕು ಎಲೆ ಬಿಟ್ಟಿತು. ಎಸಳುಗಳನ್ನು ಚಿಕ್ಕ ಜಿಪ್‌ಲಾಕ್ ಚೀಲಗಳಲ್ಲಿ ಹಾಕಿ, ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಕಿಟಕಿಯಿಂದ ಒಬ್ಬೊಬ್ಬರಿಗೇ ಕೊಟ್ಟೆ. "ಜಯದೇವಿಯವರಿಗೆ ಹೇಳ್ಬೇಡಿ" ಎಂದು ಪಿಸುಗುಟ್ಟಿದೆ. ನಿಮ್ಮವರು ಅದನ್ನು ನೋಡಿದರು. ಮನೆಗೆ ಬಂದು ಕೇಳಿದಾಗ, ಇದಿಲ್ಲದೆ ನಮ್ಮ ಜನಕ್ಕೆ ಒಂದು ದಿನವೂ ಕಳೆಯದು ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಗಿಡದ ಜೊತೆ ನನ್ನನ್ನೂ ಠಾಣೆಗೆ ಕರೆದೊಯ್ದರು. ನಿಜ ಹೇಳಿದ್ದು ತಪ್ಪೇ?

ಗಿಡದ ಗುರುತು ಹಿಡಿಯಲು ನೀವು ಸಂಘಕ್ಕೆ ಫೋನ್ ಮಾಡಿದಿರಿ. ಸಂಘದವರು ಇನ್ನಾರನ್ನು ಕಳಿಸುತ್ತಾರೆ? ಜಯದೇವಿಯವರು ರೇಷ್ಮೆ ಸೀರೆ ಉಟ್ಟು ಠಾಣೆಗೆ ಬಂದರು. ಎಲೆ ಹಿಸುಕಿ ಮೂಸಿದರು. ನಿಮ್ಮವರಿಗೆ ಇಂಗ್ಲಿಷಿನಲ್ಲಿ ತಿಳಿಸಿ ನನ್ನ ಕಡೆ ತಿರುಗಿದರು. "ಗಾಂಜಾ ಅಲ್ಲಂತ ಹೇಳೇನ್ರಿ, ಹೆದರಬ್ಯಾಡ್ರಿ. ಆದ್ರ ನೀರು ಭಾಳ ಹಾಕೀರಿ ನೋಡ್ರಿ, ಬೇರು ಕೊಳೀಲಿಕ್ಕತ್ತಾವ." ನೀವು ನನ್ನನ್ನು ಬಿಟ್ಟಿರಿ. ಕಡತ ಮುಗಿಯುವ ತನಕ ಗಿಡ ಮಾತ್ರ ತಜ್ಞರ ಬಳಿ ಇರಲಿ ಎಂದಿರಿ. ನನ್ನನ್ನೇ ಒಳಗೆ ಹಾಕಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಕಳೆದ ವಾರ ನೋಡಲು ಹೋಗಿದ್ದೆ. ಅವರ ಗಿಡದ ಪಕ್ಕದಲ್ಲೇ ನನ್ನದು, ಮೈತುಂಬ ಚಿಗುರು. ಬಂದವರು ಯಾರದಿದು ಎಂದು ಕೇಳಿದರೆ, "ನಮ್ಮ ಕೃಷ್ಣವೇಣಿಯವರದ್ರೀ" ಎನ್ನುತ್ತಾರಂತೆ. ತಮ್ಮದೇ ಎಂದಿದ್ದರೆ ನೆಮ್ಮದಿಯಾಗಿ ಬೈಯುತ್ತಿದ್ದೆ. ಹೊರಡುವಾಗ ಕುಂಕುಮ ಕೊಟ್ಟು, ನನ್ನ ಗಿಡದ್ದೇ ಒಂದು ಎಸಳು ಮುರಿದು ನನ್ನ ಕೈಗಿಟ್ಟರು. ಮನೆಗೆ ಬಂದು ಸಾರಿನ ಒಗ್ಗರಣೆಗೆ ಹಾಕಿದೆ. ನನ್ನ ಮನೆಯಲ್ಲಿದ್ದಾಗ ಅದಕ್ಕೆ ಆ ಘಮವಿರಲಿಲ್ಲ.

ಆದ್ದರಿಂದ ಕಡತ ಮುಚ್ಚಿ ನನ್ನ ಗಿಡ ನನಗೆ ಕೊಡಿಸಿ. ಆಗದಿದ್ದರೆ ಠಾಣೆಯ ಕತ್ತಲೆ ಕೋಣೆಯಲ್ಲಿಡಿ, ಅವರ ಕಿಟಕಿಯಲ್ಲಿ ಮಾತ್ರ ಬೇಡ ಎಂದು ಮೊದಲು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಕತ್ತಲಲ್ಲಿ ಅದು ಬದುಕುವುದಿಲ್ಲ. ಬೇರು ಗಟ್ಟಿಯಾಗುವ ತನಕ ಅಲ್ಲೇ ಇರಲಿ. ಅದಾದ ಮೇಲೆ ಒಂದು ದಿನವೂ ತಡವಾಗಕೂಡದು.

ಇಂತಿ,
ನೀರು ಹೆಚ್ಚು ಹಾಕಿದವಳು,
ಕೃಷ್ಣವೇಣಿ