ನಾನು ಹೇಳದೆ ಬಿಟ್ಟ ಅರ್ಥ

ಕಾರವಾರ,
ಫೆಬ್ರವರಿ ೩೦, ೨೧೮೭

ಹಿಂದಿನ ಕಾಲದ ಹಿರಿಯರಿಗೆ, ಸುಲಕ್ಷಾ ತಾಂಡೇಲಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನಗಳಿವೆ. ನನ್ನ ಕನ್ನಡ ನಿಮಗೆ ಅಲ್ಲಲ್ಲಿ ಒರಟೆನಿಸಬಹುದು, ಕೆಲವು ಪದಗಳು ನಿಮ್ಮಲ್ಲಿ ಇನ್ನೂ ಹುಟ್ಟಿರಲಿಕ್ಕಿಲ್ಲ, ಮನ್ನಿಸಿ. ನೀವು ಓಡಾಡಿದ ಪೇಟೆಬೀದಿ ಈಗ ಸಮುದ್ರದೊಳಗಿದೆ. ಮೀನುಪೇಟೆ ಗುಡ್ಡ ಹತ್ತಿದೆ. ಹೆಂಗಸರು ಬುಟ್ಟಿಗಳನ್ನು ತಂತಿಗೆ ಕಟ್ಟಿದ ತೊಟ್ಟಿಲಲ್ಲಿ ಮೇಲಕ್ಕೆ ಕಳಿಸುತ್ತಾರೆ. ಬಂಗುಡೆ ಸಿಗುವುದು ಅಪರೂಪ. ಇಷ್ಟೆಲ್ಲ ಆದರೂ ಜನ ಬದುಕುತ್ತಿದ್ದಾರೆ, ಜಗಳವಾಡುತ್ತಾರೆ, ಮದುವೆ ಮಾಡುತ್ತಾರೆ.

ಲೋಮಾ ಎಂಬ ದ್ವೀಪದಿಂದ ದೋಣಿಗಳು ಬರಲು ಶುರುವಾದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಅಲ್ಲಿ ಸೇನೆಯ ಆಳ್ವಿಕೆ ಬಂದಿತ್ತು. ನನ್ನ ಅಜ್ಜಿಯೂ ಅದೇ ದ್ವೀಪದವಳು. ಅವಳು ಬಂದಿಳಿದ ದಿನ ಈ ಊರು ಗಂಜಿ ಕೊಟ್ಟಿತೇ ಹೊರತು ಪ್ರಶ್ನೆ ಕೇಳಿರಲಿಲ್ಲ. ಅವಳಿಂದ ಕಲಿತ ಭಾಷೆಯೇ ನನಗೆ ಸರ್ಕಾರದ ದುಭಾಷಿ ಕೆಲಸ ಕೊಡಿಸಿತು.

ಆಗಿನ ಸರ್ಕಾರ ಹೊಸ ಕಾನೂನು ತಂದಿತ್ತು. ಬಂದವರು ದಡ ಮುಟ್ಟಿದ ದಿನವೇ ಒಂದು ಹೇಳಿಕೆ ಕೊಡಬೇಕು. ಅದಕ್ಕೆ ‘ದಡಮಾತು’ ಎನ್ನುತ್ತಿದ್ದರು. ಅದರಲ್ಲಿ ಇಲ್ಲದ್ದನ್ನು ಮುಂದೆ ಯಾವ ನ್ಯಾಯಾಲಯವೂ ಕೇಳುವಂತಿರಲಿಲ್ಲ. ಜೀವಭಯದಿಂದ ಓಡಿಬಂದವರಿಗೆ ಆಶ್ರಯ, ನೀರು ನುಗ್ಗಿ ಮನೆ ಕಳೆದುಕೊಂಡವರಿಗೆ ಮರಳುವ ಹಡಗು.

ನೂರಿಯಾ ಎಂಬ ದಾದಿ ಬಂದಳು. ನಾಲ್ಕು ದಿನ ಬಿಸಿಲಲ್ಲಿದ್ದು ತುಟಿ ಒಡೆದಿತ್ತು. ಸೇನೆಯ ಗುಂಡು ತಿಂದವರಿಗೆ ಪಟ್ಟಿ ಕಟ್ಟಿದ್ದೇ ಅವಳ ಅಪರಾಧ. ಆದರೆ ಅವಳು ಅದನ್ನು ಹಾಗೆ ಹೇಳಲಿಲ್ಲ. ತನ್ನ ಭಾಷೆಯಲ್ಲಿ, “ನಮ್ಮ ಮನೆಗೆ ಉಪ್ಪುನೀರು ಬಂತು” ಎಂದಳು. ಲೋಮಾದಲ್ಲಿ ಸೈನಿಕರು ಬಂದು ಒಬ್ಬರನ್ನು ಕೊಂದು ಹೋದರೆ ಜನ ಹೆದರಿ ಹೀಗೇ ಹೇಳುತ್ತಾರೆ. ನನಗೆ ಅದು ಗೊತ್ತಿತ್ತು.

ಅಧಿಕಾರಿ ಪೆಡ್ನೇಕರ್ ಬೆಳಿಗ್ಗೆಯೇ ನನಗೆ ಹೇಳಿದ್ದರು. “ಶಬ್ದಕ್ಕೆ ಶಬ್ದ ಹೇಳಿ ಸಾಕು. ಅರ್ಥ ಬಿಡಿಸೂಕೆ ಹೋಗ್ಬೇಡಿ. ನಿಮ್ಮ ಅಜ್ಜಿ ಎಲ್ಲಿಯವ್ರು ಅಂತ ನಮ್ಗೂ ಗೊತ್ತುಂಟು.”

ನಾನು ಶಬ್ದಕ್ಕೆ ಶಬ್ದ ಹೇಳಿದೆ. ಪೆಡ್ನೇಕರ್ ಅವಳನ್ನು ನೀರು ನುಗ್ಗಿ ಮನೆ ಕಳೆದುಕೊಂಡವರ ಸಾಲಿಗೆ ಸೇರಿಸಿದರು. ನೂರಿಯಾ ನನ್ನತ್ತ ನೋಡಿ ತಲೆಯಾಡಿಸಿದಳು, ತನ್ನ ಮಾತು ಮುಟ್ಟಿತು ಎಂಬ ನಂಬಿಕೆಯಿಂದ.

ಮರುದಿನ ವಕೀಲೆ ಮೋಹಿನಿ ಹರಿಕಂತ್ರ ನಮ್ಮ ಮನೆಗೇ ಬಂದರು. ದೋಣಿಯವರ ಪರವಾಗಿ ವಾದಿಸುತ್ತಿದ್ದುದಕ್ಕೆ ಊರಿನ ಅರ್ಧ ಜನ ಅವರೊಂದಿಗೆ ಮಾತು ಬಿಟ್ಟಿದ್ದರು.

“ಆ ಮಾತಿನ ಅರ್ಥ ನಿಂಗೆ ಗೊತ್ತಿತ್ತಾ ತಂಗಿ? ಅಷ್ಟೇ ಬರ್ದು ಸಹಿ ಹಾಕು. ಹೇಳಿಕೆ ಬದಲಾಯ್ಸೂದಲ್ಲ, ಅನುವಾದ ತಪ್ಪು ಅಂತ ತಡೆ ಕೇಳ್ತೆ.”

“ಯೋಚ್ನೆ ಮಾಡಿ ನಾಳೆ ಹೇಳ್ತೆ ಅಕ್ಕಾ” ಎಂದೆ.

“ನಾಳೆ ಬೆಳಿಗ್ಗೆ ಹಡಗು ಹೊರಡ್ತದೆ.”

ನಾನು ಒಲೆಯ ಮೇಲಿನ ಅನ್ನ ನೋಡುವ ನೆಪದಲ್ಲಿ ಒಳಗೆ ಹೋದೆ. ಅವರು ಸ್ವಲ್ಪ ಹೊತ್ತು ಕಾದು, ಚಪ್ಪಲಿ ಮೆಟ್ಟಿಕೊಂಡು ಹೊರಟ ಸದ್ದು ಕೇಳಿಸಿತು.

ನೂರಿಯಾಳನ್ನು ಲೋಮಾದ ಬಂದರಿನಲ್ಲೇ ಬಂಧಿಸಿದರು. ಎರಡು ತಿಂಗಳ ಬಳಿಕ ಸತ್ತವರ ಪಟ್ಟಿಯಲ್ಲಿ ಅವಳ ಹೆಸರು ಬಂತು. ಆ ಪಟ್ಟಿಯನ್ನು ಮೋಹಿನಿಯಕ್ಕ ನನ್ನ ಕೈಗಿಟ್ಟರು, ಒಂದು ಮಾತೂ ಬೈಯಲಿಲ್ಲ. ಅಂದೇ ಹೋಗಿ ಸಹಿ ಹಾಕಿದೆ. ನ್ಯಾಯಾಲಯದಲ್ಲಿ ಮೂರು ದಿನ ಸಾಕ್ಷಿ ಹೇಳಿದೆ. ಕೆಲಸ ಹೋಯಿತು, ಮನೆಗೆ ಕಲ್ಲು ಬಿತ್ತು. ಕೊನೆಗೆ ದಡಮಾತಿನ ಕಾನೂನು ರದ್ದಾಯಿತು, ದೋಣಿಯಲ್ಲಿ ಬಂದ ನಲವತ್ತೊಂದು ಜನ ಇಲ್ಲೇ ಉಳಿದರು. ಅವರ ಮಕ್ಕಳೀಗ ಇದೇ ಪೇಟೆಯಲ್ಲಿ ಮೀನು ಮಾರುತ್ತಾರೆ. ಊರಿನವರು ನನಗೆ ಸನ್ಮಾನ ಮಾಡಿದರು. ಧೈರ್ಯವಂತೆ ಎಂದರು. ನಾನು ಶಾಲು ಹೊದ್ದು ಸುಮ್ಮನೆ ಕುಳಿತೆ. ಅದು ನನ್ನ ಎರಡನೆಯ ಮೌನ.

ನನಗೀಗ ಎಪ್ಪತ್ತೆರಡು. ಮೋಹಿನಿಯಕ್ಕ ತೀರಿಕೊಂಡರು. ಹಡಗು ಹೊರಡುವ ಹಿಂದಿನ ದಿನವೇ ಅವರು ನನ್ನ ಸಹಿ ಕೇಳಿದ್ದರೆಂಬ ನಿಜ ಗೊತ್ತಿರುವವಳು ಈಗ ನಾನೊಬ್ಬಳೇ. ದಡಮಾತಿನಂಥ ಕಾನೂನಿನ ಮೊದಲ ಕರಡು ನಿಮ್ಮ ಕಾಲದಲ್ಲೇ ಎಲ್ಲೋ ಒಂದು ಮೇಜಿನ ಮೇಲೆ ಇದ್ದೀತು. ಅದನ್ನು ಟೈಪು ಮಾಡುವವರು, ಮೊಹರು ಒತ್ತುವವರು, ನನ್ನಂತೆ ಅನುವಾದಿಸುವವರು ನಿಮ್ಮಲ್ಲೂ ಇರುತ್ತಾರೆ. ಕ್ಷಮೆ ಕೇಳಲು ಬರೆದ ಕಾಗದವಲ್ಲ ಇದು, ಕ್ಷಮಿಸಬೇಕಾದವಳು ಇಲ್ಲ. ನಿಮ್ಮನ್ನು ಕೇಳುವುದು ಒಂದೇ. ಆ ಕೋಣೆಯಲ್ಲಿ ನೀವು ಕುಳಿತಿದ್ದರೆ, ಎದುರಿಗಿರುವವರು ನಿಮ್ಮನ್ನು ನಂಬಿ ತಲೆಯಾಡಿಸುವ ಮೊದಲೇ ಬಾಯಿ ಬಿಡಿ.